ಮಗುವಿನ ಊಟ ಮಾಡಲು ಮಿಕ್ಸಿ ಸಾಕಾ, ಬೇರೆ ಯಂತ್ರ ಬೇಕಾ?

ತಂಗಿಯ ಮಗುವಿಗೆ ಮುಂದಿನ ವಾರ ಆರು ತಿಂಗಳು ತುಂಬುತ್ತದೆ. ಮೊನ್ನೆ ಫೋನ್ ಮಾಡಿದ್ದಳು. "ಅಕ್ಕಾ, ಬೇಬಿ ಫುಡ್ ಮೇಕರ್ ತಗೊಳ್ಳಲಾ, ಹ್ಯಾಂಡ್ ಬ್ಲೆಂಡರ್ ತಗೊಳ್ಳಲಾ, ಇಲ್ಲಾ ಮನೇಲಿರೋ ಮಿಕ್ಸೀನೇ ಸಾಕಾ?" ಎಂದು ಕೇಳಿದಳು. ಅಷ್ಟರಲ್ಲಾಗಲೇ ಅವಳು ಹನ್ನೊಂದು ಸಾಮಾನಿನ ಪಟ್ಟಿ ಮಾಡಿಟ್ಟುಕೊಂಡಿದ್ದಳು. ಸ್ಟೀಮರ್, ಮ್ಯಾಶರ್, ಸಿಲಿಕೋನ್ ಟ್ರೇ, ಬಲೆಯ ಫೀಡರ್, ಹೀಗೆ. ನನ್ನ ಮಗು ಚಿಕ್ಕದಿದ್ದಾಗ ನಾನೂ ಇಂಥದೇ ಪಟ್ಟಿ ಹಿಡಿದು ಕೂತಿದ್ದೆ. ಕೊಂಡದ್ದರಲ್ಲಿ ಅರ್ಧ ಸಾಮಾನು ಮೂರು ತಿಂಗಳಿಗೆ ಕಪಾಟಿನ ಮೇಲಿನ ಅಟ್ಟ ಸೇರಿತು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ತಿಂಗಳ ಲೆಕ್ಕ

ಯಂತ್ರ ನೋಡುವ ಮೊದಲು ಮಗುವಿನ ಬಾಯಿ ಹೇಗೆ ಬೆಳೆಯುತ್ತದೆ ಎಂದು ನೋಡಬೇಕು. ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆಗೆ ಬೇರೆ ಆಹಾರ ಶುರು ಮಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶುರುವಿನಲ್ಲಿ ಒಂದು ಹೊತ್ತಿಗೆ ಎರಡು ಮೂರು ಚಮಚ ಸಾಕು. ಸುಮಾರು 8 ತಿಂಗಳ ಹೊತ್ತಿಗೆ ಹೆಚ್ಚಿನ ಮಕ್ಕಳು ಕೈಯಲ್ಲಿ ಹಿಡಿದು ತಿನ್ನುವ ಮೆತ್ತಗಿನ ತುಂಡುಗಳನ್ನು ತಿನ್ನಬಲ್ಲರು. 12 ತಿಂಗಳಿಗೆ ಮನೆಯವರೆಲ್ಲ ತಿನ್ನುವ ಊಟವನ್ನೇ ಹೆಚ್ಚಿನ ಮಕ್ಕಳು ತಿನ್ನುತ್ತಾರೆ.

ಅಂದರೆ ಬೆಣ್ಣೆಯ ಹಾಗೆ ನುಣ್ಣಗಿರುವ ಪ್ಯೂರಿ ಬೇಕಾಗುವುದು ಕೆಲವೇ ವಾರ. ಆಮೇಲೆ ತರಿತರಿ, ಆಮೇಲೆ ಗಂಟುಗಂಟು, ಆಮೇಲೆ ತುಂಡು. ಈ ಮೆಟ್ಟಿಲುಗಳನ್ನು ತಡ ಮಾಡಬಾರದು. ಗಂಟಿರುವ ಆಹಾರ 10 ತಿಂಗಳು ದಾಟಿದರೂ ಬಾಯಿಗೆ ಸಿಗದಿದ್ದರೆ, ಮುಂದೆ ಊಟದ ತಕರಾರು ಹೆಚ್ಚುವ ಸಾಧ್ಯತೆ ಇದೆ. ಬಹಳ ನುಣ್ಣಗೆ ಮಾಡುವ ಯಂತ್ರ ಕೈಗೆ ಸಿಕ್ಕರೆ ನಾವು ಗೊತ್ತಿಲ್ಲದೆಯೇ ನುಣ್ಣಗೆ ಮಾಡುತ್ತಲೇ ಇರುತ್ತೇವೆ. ನಾನು ಹಾಗೇ ಮಾಡಿದೆ. ಮಗಳು ಒಂಬತ್ತನೇ ತಿಂಗಳಲ್ಲಿ ಒಂದು ಅಗುಳು ನಾಲಿಗೆಗೆ ತಾಗಿದರೂ ಉಗುಳುತ್ತಿದ್ದಳು. ಅದನ್ನು ಸರಿಪಡಿಸಲು ಎರಡು ತಿಂಗಳು ಬೇಕಾಯಿತು.

ಹಾಗಾಗಿ ನನ್ನ ಮೊದಲ ಅಳತೆ ಇದು: ಈ ಸಾಮಾನು ನುಣ್ಣಗಿನಿಂದ ತರಿಗೆ, ತರಿಯಿಂದ ಗಂಟಿಗೆ ಸಲೀಸಾಗಿ ಬರುತ್ತದೆಯೇ? ಎರಡನೆಯದು, ನಾಲ್ಕು ಚಮಚದಷ್ಟು ಸಣ್ಣ ಪ್ರಮಾಣವನ್ನು ಅದು ಮಾಡುತ್ತದೆಯೇ? ಮೂರನೆಯದು ತೊಳೆಯುವುದು. ಇದನ್ನು ಯಾರೂ ಮೊದಲು ಯೋಚಿಸುವುದಿಲ್ಲ, ಆದರೆ ದಿನಕ್ಕೆ ಎರಡು ಮೂರು ಸಲ ತೊಳೆಯಬೇಕಾದಾಗ ಉಳಿದ ಗುಣವೆಲ್ಲ ಮರೆತೇ ಹೋಗುತ್ತದೆ. ನಾಲ್ಕನೆಯದು, ಮಗು ದೊಡ್ಡದಾದ ಮೇಲೂ ಅದು ಅಡುಗೆಮನೆಯಲ್ಲಿ ಕೆಲಸಕ್ಕೆ ಬರುತ್ತದೆಯೇ? ಬಿಸಿ ಆಹಾರ ತಾಗುವ ಭಾಗ ಯಾವುದರಿಂದ ಮಾಡಿದ್ದು ಎನ್ನುವುದನ್ನೂ ನೋಡಿ. ದುಡ್ಡು ಮತ್ತು ಜಾಗದ ಲೆಕ್ಕ ಹೇಗೂ ಇದ್ದೇ ಇರುತ್ತದೆ.

ರುಬ್ಬುವುದು, ಅರೆಯುವುದು, ಕಿವುಚುವುದು

ತಂಗಿಯ ನಿಜವಾದ ಗೊಂದಲ ಇರುವುದು ಇಲ್ಲೇ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಮನೆಯಲ್ಲಿ ಮಿಕ್ಸಿ ಇದ್ದರೆ ಹೊಸ ಖರ್ಚಿಲ್ಲ. ಬೇಯಿಸಿದ ಮಾಂಸ, ನಾರಿರುವ ಬೀನ್ಸ್, ಸಿಪ್ಪೆ ಗಟ್ಟಿ ಇರುವ ಕಾಳು, ಇವನ್ನೆಲ್ಲ ಇದರಷ್ಟು ನುಣ್ಣಗೆ ಬೇರೆ ಯಾವುದೂ ಮಾಡುವುದಿಲ್ಲ. ತೊಂದರೆ ಇರುವುದು ಪ್ರಮಾಣದಲ್ಲಿ. ದೊಡ್ಡ ಜಾರಿಗೆ ಮೂರು ಚಮಚ ಕ್ಯಾರೆಟ್ ಹಾಕಿದರೆ ಅದು ಬ್ಲೇಡಿಗೆ ಸಿಗದೆ ಗೋಡೆಗೆ ಅಂಟಿಕೊಂಡು ಕೂರುತ್ತದೆ. ಅತಿ ಚಿಕ್ಕ ಜಾರ್ ಇದ್ದರೆ ಮಾತ್ರ ಮಿಕ್ಸಿಯನ್ನು ನೆಚ್ಚಿಕೊಳ್ಳಬಹುದು. ತರಿ ಬೇಕಾದಾಗ ಗುಂಡಿಯನ್ನು ಒಮ್ಮೆ ತಿರುಗಿಸಿ ಬಿಡುವುದು, ಮತ್ತೆ ತಿರುಗಿಸಿ ಬಿಡುವುದು ಮಾಡಿದರೆ ಬರುತ್ತದೆ. ಒಂದೆರಡು ಕ್ಷಣ ಹೆಚ್ಚಾದರೂ ಎಲ್ಲ ಪೇಸ್ಟ್ ಆಗಿಬಿಡುತ್ತದೆ.

ಇನ್ನೊಂದು ಎಚ್ಚರಿಕೆ ಇದೆ. ಬಿಸಿಬಿಸಿ ಇರುವುದನ್ನು ಮುಚ್ಚಿದ ಜಾರಿನಲ್ಲಿ ತಿರುಗಿಸಬೇಡಿ. ಒಳಗಿನ ಹಬೆ ಒತ್ತಿ ಮುಚ್ಚಳ ಹಾರುತ್ತದೆ. ನನಗೆ ಒಮ್ಮೆ ಕುದಿಯುವ ಕುಂಬಳಕಾಯಿ ಮುಂಗೈ ಮೇಲೆ ಬಿದ್ದು ಬೊಬ್ಬೆ ಬಂದಿತ್ತು. ಪಕ್ಕದಲ್ಲೇ ಮಗು ಇತ್ತು. ಅವತ್ತಿನಿಂದ ಆರಿಸದೆ ರುಬ್ಬಿದ್ದೇ ಇಲ್ಲ. ಜಾರಿನ ಬ್ಲೇಡ್ ಕೆಳಗೆ ಮತ್ತು ಮುಚ್ಚಳದ ರಬ್ಬರ್ ರಿಂಗಿನ ಸಂದಿಯಲ್ಲಿ ಹಿಂದಿನ ದಿನದ್ದು ಉಳಿಯುತ್ತದೆ. ಖಾರ, ಮಸಾಲೆ ರುಬ್ಬಿದ ಜಾರಾದರೆ ವಾಸನೆಯೂ ಹೋಗುವುದಿಲ್ಲ. ಹಾಗಾಗಿ ಮಗುವಿಗೆಂದೇ ಒಂದು ಚಿಕ್ಕ ಜಾರ್ ಬೇರೆ ಇಡಿ. ಹೊಸ ಯಂತ್ರಕ್ಕಿಂತ ಅದು ಎಷ್ಟೋ ಕಡಿಮೆ ಖರ್ಚು.

ಹ್ಯಾಂಡ್ ಬ್ಲೆಂಡರ್ ನನಗೆ ಬಹಳ ಇಷ್ಟವಾದ ಸಾಮಾನು. ಬೇಯಿಸಿದ ಪಾತ್ರೆಯಲ್ಲೇ ಇಳಿಸಿ ಒತ್ತಿದರೆ ಆಯಿತು. ಎಷ್ಟು ತರಿ ಇದೆ ಎಂದು ಕಣ್ಣೆದುರೇ ಕಾಣುತ್ತದೆ, ಬೇಕಾದಲ್ಲಿಗೆ ನಿಲ್ಲಿಸಬಹುದು. ಮನೆಯವರಿಗೆ ಮಾಡಿದ ಪಲ್ಯಕ್ಕೋ ಸಾರಿಗೋ ಉಪ್ಪು ಹಾಕುವ ಮೊದಲು ಮಗುವಿನ ಪಾಲು ತೆಗೆದಿಟ್ಟು, ಅದನ್ನೇ ಎರಡು ಸಲ ಒತ್ತಿ ಮುಗಿಸಬಹುದು. ತೊಳೆಯಲು ಇರುವುದು ಒಂದೇ ಕಾಲು. ಪ್ಲಗ್ ತೆಗೆದು, ಆ ಕಾಲನ್ನು ಬಿಚ್ಚಿ ನಲ್ಲಿ ಕೆಳಗೆ ಹಿಡಿದರೆ ಸಾಕು. ಕಾಲು ಬಿಚ್ಚಲು ಬರುವ, ಕೆಳಭಾಗ ಸ್ಟೀಲಿನದ್ದೇ ಆದ ಮಾದರಿಯನ್ನೇ ಆರಿಸಿ. ಪ್ಲಾಸ್ಟಿಕ್ ಕಾಲಿಗೆ ಕ್ಯಾರೆಟ್ ಬಣ್ಣ ಹಿಡಿದು ಬಿಡುವುದಿಲ್ಲ.

ಇದಕ್ಕೂ ಮಿತಿಗಳಿವೆ. ಬ್ಲೇಡ್ ಪೂರ್ತಿ ಮುಳುಗಬೇಕು, ಇಲ್ಲದಿದ್ದರೆ ಗೋಡೆಗೆಲ್ಲ ಹಾರುತ್ತದೆ. ಸಣ್ಣ ಪ್ರಮಾಣಕ್ಕೆ ಅಗಲದ ಪಾತ್ರೆ ಬೇಡ. ಕಿರಿದಾದ, ಎತ್ತರದ ಲೋಟ ಬಳಸಿ. ನಾನ್‌ಸ್ಟಿಕ್ ಪಾತ್ರೆಯೊಳಗೆ ಇಳಿಸಿದರೆ ಲೇಪ ಕೆರೆದುಹೋಗಬಹುದು. ಮಾಂಸದ ನಾರು ಮಾತ್ರ ಇದಕ್ಕೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ.

ಈಗ ಬೇಬಿ ಫುಡ್ ಮೇಕರ್. ಒಂದೇ ಬಟ್ಟಲಿನಲ್ಲಿ ಹಬೆಯಲ್ಲಿ ಬೇಯಿಸಿ, ಅಲ್ಲೇ ರುಬ್ಬಿ ಕೊಡುವ ಯಂತ್ರ ಇದು. ಕೆಲಸಕ್ಕೆ ಹೋಗುವ ಅಮ್ಮಂದಿರಿಗೆ, ಮಗುವನ್ನು ಒಬ್ಬರೇ ನೋಡಿಕೊಳ್ಳುವವರಿಗೆ ಇದರಿಂದ ನಿಜವಾಗಿಯೂ ಆರಾಮ ಸಿಗುತ್ತದೆ. ಹೋಳು ಹಾಕಿ, ನೀರು ಹಾಕಿ, ಗುಂಡಿ ಒತ್ತಿ ಮಗುವಿನ ಪಕ್ಕ ಹೋಗಿ ಕೂರಬಹುದು. ಒಲೆ ಆರಿಸಬೇಕೆಂಬ ಚಿಂತೆ ಇಲ್ಲ. ಆದರೆ ಬೆಲೆ ನೋಡಿದರೆ ಈ ಗುಂಪಿನಲ್ಲಿ ಇದೇ ಜಾಸ್ತಿ. ಬಟ್ಟಲು ಚಿಕ್ಕದು. ಎಂಟು ಒಂಬತ್ತು ತಿಂಗಳಿಗೆ ಮಗುವಿನ ಊಟ ಅರ್ಧ ಕಪ್ಪಿಗೆ, ಅಂದರೆ ಸುಮಾರು 125 ಮಿಲಿಲೀಟರಿಗೆ ಬಂದಾಗ, ಎರಡು ದಿನಕ್ಕಾಗುವಷ್ಟು ಮಾಡಿಡಬೇಕೆಂದರೆ ಎರಡು ಮೂರು ಸುತ್ತು ಓಡಿಸಬೇಕು. ಅಷ್ಟರಲ್ಲಿ ಮಗುವಿಗೆ ಗಂಟಿರುವ ಊಟ ಬೇಕಾಗಿರುತ್ತದೆ. ಇನ್ನೊಂದು ವಿಷಯ: ನೀರು ಗಡುಸಾಗಿದ್ದರೆ ನೀರು ಕಾಯಿಸುವ ಭಾಗದಲ್ಲಿ ಬಿಳಿ ಪದರ ಕಟ್ಟುತ್ತದೆ. ಆಗಾಗ ವಿನೆಗರ್ ಬೆರೆಸಿದ ನೀರು ಹಾಕಿ ಅದನ್ನು ಬಿಡಿಸಬೇಕು. ಇದನ್ನು ಮಾಡದೆ ಬಿಟ್ಟವರ ಯಂತ್ರ ಬೇಗ ಕೆಡುತ್ತದೆ. ಅವಳಿ ಮಕ್ಕಳಿದ್ದರೆ, ಅಥವಾ ಎರಡನೇ ಮಗುವಿನ ಯೋಚನೆ ಇದ್ದರೆ ಹಣ ಹಾಕಬಹುದು. ಪರಿಚಯದವರ ಮನೆಯಲ್ಲಿ ಬಳಸಿ ಬಿಟ್ಟದ್ದು ಒಳ್ಳೆ ಸ್ಥಿತಿಯಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು, ಏಕೆಂದರೆ ಇಂಥವು ಹೆಚ್ಚಿನ ಮನೆಗಳಲ್ಲಿ ಕೆಲವೇ ತಿಂಗಳು ಓಡಿರುತ್ತವೆ.

ಕೈಯ ಸಾಮಾನುಗಳನ್ನು ಕಡೆಗಣಿಸಬೇಡಿ. ಕಳಿತ ಬಾಳೆಹಣ್ಣಿಗೆ ಫೋರ್ಕ್ ಬಿಟ್ಟು ಬೇರೇನೂ ಬೇಡ. ಆಲೂಗಡ್ಡೆಯನ್ನಂತೂ ಮಿಕ್ಸಿಗೆ, ಬ್ಲೆಂಡರಿಗೆ ಹಾಕಲೇಬೇಡಿ. ವೇಗವಾಗಿ ತಿರುಗುವ ಬ್ಲೇಡು ಬೆಂದ ಆಲೂಗಡ್ಡೆಯ ಪಿಷ್ಟವನ್ನೆಲ್ಲ ಹೊರಗೆಳೆಯುತ್ತದೆ, ಅದು ಗೋಂದಿನ ಹಾಗೆ ಅಂಟಂಟಾಗುತ್ತದೆ. ನಾನು ಮೊದಲ ಸಲ ಮಾಡಿದಾಗ ಮಗಳು ನುಂಗಲಾಗದೆ ಅತ್ತಳು. ತಪ್ಪು ನನ್ನದು ಎಂದು ತಿಳಿದದ್ದು ಆಮೇಲೆ. ಆಲೂಗಡ್ಡೆಗೆ ಮ್ಯಾಶರ್ ಅಥವಾ ಜಾಲರಿಯೇ ಸರಿ. ಸ್ಟೀಲಿನ ಸಣ್ಣ ಕಣ್ಣಿನ ಜಾಲರಿಯಲ್ಲಿ ಬೆಂದ ಬಟಾಣಿಯನ್ನು ಚಮಚದ ಬೆನ್ನಿನಿಂದ ಒತ್ತಿದರೆ ಸಿಪ್ಪೆ ಮೇಲೆ ಉಳಿಯುತ್ತದೆ, ತಿರುಳು ಕೆಳಗೆ ಬೀಳುತ್ತದೆ. ಟೊಮೆಟೊ ಬೀಜ ತೆಗೆಯಲೂ ಅದೇ. ಹಿಡಿ ತಿರುಗಿಸುವ ಫುಡ್ ಮಿಲ್ ಎಂದು ಸಿಗುವುದೂ ಜಾಲರಿಯ ಕೆಲಸವನ್ನೇ ಬೇಗ ಮಾಡುತ್ತದೆ. ಅದರ ತಟ್ಟೆ ಬದಲಿಸಿದರೆ ನುಣ್ಣಗೂ ಬರುತ್ತದೆ, ತರಿಯೂ ಬರುತ್ತದೆ. ಕರೆಂಟ್ ಬೇಡ. ಬಿಡಿಭಾಗ ಜಾಸ್ತಿ, ತೊಳೆಯಲು ತಾಳ್ಮೆ ಬೇಕು.

ಬೇಯಿಸುವುದಕ್ಕೆ ಯಾವುದು?

ನೀರಿನಲ್ಲಿ ಕುದಿಸಿದರೆ ಸಿ ಜೀವಸತ್ವದಂಥ ನೀರಿನಲ್ಲಿ ಕರಗುವ ಅಂಶಗಳು ನೀರಿಗೆ ಇಳಿಯುತ್ತವೆ. ಹಬೆಯಲ್ಲಿ ಬೇಯಿಸಿದರೆ ಈ ನಷ್ಟ ಕಡಿಮೆ. ಹಾಗಂತ ಎಲೆಕ್ಟ್ರಿಕ್ ಸ್ಟೀಮರ್ ಕೊಳ್ಳಬೇಕಾಗಿಲ್ಲ. ಹೂವಿನ ದಳದ ಹಾಗೆ ಅರಳುವ ಸ್ಟೀಲಿನ ಹಬೆ ತಟ್ಟೆ ಸಿಗುತ್ತದೆ, ಅಗ್ಗವಾದದ್ದು. ಮನೆಯಲ್ಲಿರುವ ಯಾವುದಾದರೂ ಮುಚ್ಚಳದ ಪಾತ್ರೆಯೊಳಗೆ ಕೂರುತ್ತದೆ, ಮಡಚಿಟ್ಟರೆ ಜಾಗವೂ ಬೇಡ. ಸಣ್ಣಗೆ ಹೆಚ್ಚಿದ ಕ್ಯಾರೆಟ್ ಇದರಲ್ಲಿ 10ರಿಂದ 15 ನಿಮಿಷಕ್ಕೆ ಮೆತ್ತಗಾಗುತ್ತದೆ. ನನ್ನ ಲೆಕ್ಕದಲ್ಲಿ ಈ ಪಟ್ಟಿಯಲ್ಲೆಲ್ಲ ಕೊಟ್ಟ ದುಡ್ಡಿಗೆ ಹೆಚ್ಚು ಕೆಲಸ ಮಾಡುವುದು ಇದೇ.

ಪ್ರೆಷರ್ ಕುಕ್ಕರಿನ ಒಳಗೆ ಒತ್ತಡ ಏರಿದಾಗ ನೀರು 100 ಡಿಗ್ರಿಗೆ ಕುದಿಯದೆ ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೆ ಹೋಗುತ್ತದೆ. ಅದಕ್ಕೇ ಕಾಳು, ಮಾಂಸ, ಗಡುಸು ಗೆಡ್ಡೆಗಳಿಗೆ ಅದನ್ನು ಮೀರಿಸುವುದು ಬೇರೊಂದಿಲ್ಲ. ಮೆತ್ತಗಿನ ಸೇಬು, ಕುಂಬಳಕಾಯಿಗೆ ಮಾತ್ರ ಅದು ಅತಿಯಾಗುತ್ತದೆ. ಎಲೆಕ್ಟ್ರಿಕ್ ಸ್ಟೀಮರ್ ಎರಡು ಮೂರು ಅಂತಸ್ತಿನದಾದರೆ ಇಡೀ ಮನೆಗೆ ತರಕಾರಿ ಬೇಯಿಸುವವರಿಗೆ ಸರಿ, ಮಗುವಿಗೆಂದೇ ತರುವುದು ದಂಡ. ಮೈಕ್ರೋವೇವ್ ಬೇಗ ಬಿಸಿ ಮಾಡುತ್ತದೆ, ಆದರೆ ಒಂದೇ ಸಮನಾಗಿ ಮಾಡುವುದಿಲ್ಲ. ಮೇಲೆ ಬೆಚ್ಚಗಿದ್ದು ನಡುವೆ ಸುಡುತ್ತಿರುತ್ತದೆ. ಚೆನ್ನಾಗಿ ಕಲಕಿ, ಸ್ವಲ್ಪ ಬಿಟ್ಟು, ಮುಂಗೈ ಒಳಭಾಗಕ್ಕೆ ಮುಟ್ಟಿಸಿ ನೋಡಿಯೇ ಕೊಡಿ. ಅದರೊಳಗೆ ಗಾಜಿನ ಬಟ್ಟಲನ್ನೇ ಇಡಿ. ಮಕ್ಕಳ ಆಹಾರವನ್ನು ಪ್ಲಾಸ್ಟಿಕ್ಕಿನಲ್ಲಿಟ್ಟು ಮೈಕ್ರೋವೇವ್ ಮಾಡಬೇಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲೇ ಹೇಳಿದೆ. ಮೆಲಮೈನ್ ತಟ್ಟೆ ಬಟ್ಟಲುಗಳೂ ಮೈಕ್ರೋವೇವಿಗೆ ಬೇಡ.

ಮಾಡಿ ಎತ್ತಿಡುವವರಿಗೆ

ದಿನಾ ಹೊಸದಾಗಿ ಮಾಡಲು ಸಮಯ ಇದ್ದರೆ ಈ ಭಾಗ ನಿಮಗೆ ಬೇಕಾಗಿಲ್ಲ. ವಾರಕ್ಕೊಮ್ಮೆ ಮಾಡಿಡುವವರಿಗೆ ಟ್ರೇ ಬೇಕು. ಸಾಮಾನ್ಯ ಐಸ್ ಟ್ರೇಯ ಒಂದು ಗುಳಿಯಲ್ಲಿ ಸುಮಾರು 30 ಮಿಲಿಲೀಟರ್, ಅಂದರೆ ದೊಡ್ಡ ಚಮಚದಲ್ಲಿ ಎರಡು ಹಿಡಿಯುತ್ತದೆ. ಶುರುವಿನ ಒಂದು ಹೊತ್ತಿಗೆ ಸರಿಯಾದ ಅಳತೆ ಅಲ್ವಾ? ಮುಚ್ಚಳವಿರುವ ಸಿಲಿಕೋನ್ ಟ್ರೇ ಆದರೆ ಕೆಳಗಿಂದ ಒತ್ತಿ ಒಂದೊಂದೇ ಗಟ್ಟಿಯನ್ನು ತೆಗೆಯಬಹುದು. ಗಾಜಿನ ಪುಟ್ಟ ಡಬ್ಬಿಗಳು ವಾಸನೆ, ಬಣ್ಣ ಹಿಡಿಯುವುದಿಲ್ಲ, ಆದರೆ ಭಾರ. ಫ್ರೀಜರಿಗೆ ಇಡುವಾಗ ಬಾಯಿತನಕ ತುಂಬಿದರೆ ಒಡೆಯುತ್ತವೆ.

ಸಾಮಾನು ಯಾವುದೇ ಇರಲಿ, ಈ ಕ್ರಮ ತಪ್ಪಿಸಬೇಡಿ. ಬೇಯಿಸಿದ್ದನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು. ಫ್ರಿಜ್ 4 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿರಲಿ, ಒಂದೆರಡು ದಿನದೊಳಗೆ ಮುಗಿಸಿ. ಫ್ರೀಜರ್ ಮೈನಸ್ 18 ಡಿಗ್ರಿಯಲ್ಲಿದ್ದರೆ ಒಂದು ತಿಂಗಳು ಧೈರ್ಯವಾಗಿ ಇಡಬಹುದು. ಟ್ರೇ ಮೇಲೆ ದಿನಾಂಕ ಬರೆದಿಡಿ. ಸೊಪ್ಪು, ಬೀಟ್ರೂಟ್ ಪ್ಯೂರಿಯನ್ನು ಮಾತ್ರ ಫ್ರಿಜ್ಜಿನಲ್ಲಿ ದಿನಗಟ್ಟಲೆ ಇಡದೆ ಮಾಡಿದಾಗಲೇ ತಿನ್ನಿಸಿ. ಮಗುವಿನ ಬಾಯಿಗೆ ಹೋಗಿಬಂದ ಚಮಚ ಮುಳುಗಿದ ಬಟ್ಟಲಲ್ಲಿ ಉಳಿದದ್ದನ್ನು ಎತ್ತಿಡಬೇಡಿ. ಎಂಜಲಿನಿಂದ ಬ್ಯಾಕ್ಟೀರಿಯಾ ಸೇರುತ್ತವೆ. ಎಂಜಲಿನಲ್ಲಿರುವ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಗಟ್ಟಿ ಇದ್ದ ಪ್ಯೂರಿ ನೀರಾಗುವುದೂ ಉಂಟು. ತಿನ್ನುವಷ್ಟನ್ನೇ ಬೇರೆ ಬಟ್ಟಲಿಗೆ ಹಾಕಿಕೊಳ್ಳಿ.

ಹಿಂಡಿ ತಿನ್ನುವ ಪೌಚ್‌ಗಳ ಬಗ್ಗೆ ತಂಗಿ ಕೇಳಿದಳು. ಪ್ರಯಾಣಕ್ಕೆ ಒಂದೆರಡು ಇರಲಿ. ದಿನದ ಊಟಕ್ಕೆ ಬೇಡ. ಹೀರುವುದರಿಂದ ಅಗಿಯುವುದು ಕಲಿಯಲಾಗುವುದಿಲ್ಲ, ಮೂಲೆಗಳಂತೂ ಎಷ್ಟು ತೊಳೆದರೂ ಶುಚಿಯಾಯಿತೆಂಬ ಭರವಸೆ ಬರುವುದಿಲ್ಲ.

ತುಂಡಿನ ಊಟ ಬಂದ ಮೇಲೆ

ಇಲ್ಲಿಂದ ಮುಂದೆ ಯಂತ್ರಗಳಿಗೆ ರಜೆ. ಒಂದು ಒಳ್ಳೆಯ ಅಡುಗೆ ಕತ್ತರಿ ತನ್ನಿ. ಮನೆಯವರ ತಟ್ಟೆಯಲ್ಲಿರುವುದನ್ನೇ ಮಗುವಿನ ತಟ್ಟೆಗೆ ಹಾಕಿ ಅಲ್ಲೇ ಸಣ್ಣಗೆ ಕತ್ತರಿಸಬಹುದು. ಮಾಂಸ, ರೊಟ್ಟಿ, ನೂಡಲ್ಸ್, ಆಮ್ಲೆಟ್ ಎಲ್ಲಕ್ಕೂ ಚಾಕುವಿಗಿಂತ ಬೇಗ. ಎರಡು ಭಾಗವಾಗಿ ಬಿಚ್ಚಲು ಬರುವಂಥದ್ದಾದರೆ ತಿರುಗಣಿಯ ಸಂದಿಯನ್ನೂ ತೊಳೆಯಬಹುದು. ನನ್ನ ಮಗಳಿಗೆ ನಾಲ್ಕು ವರ್ಷವಾಗುವವರೆಗೂ ಬ್ಯಾಗಿನಲ್ಲೇ ಇತ್ತು.

ಹಸಿ ಕ್ಯಾರೆಟ್, ಹಸಿ ಸೇಬಿನ ಗಟ್ಟಿ ಹೋಳು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ತುರಿಯುವ ಮಣೆ ಇದ್ದರೆ ಅದನ್ನೇ ಎಳೆಎಳೆಯಾಗಿ ತುರಿದು ಕೊಡಬಹುದು, ಇಲ್ಲವೇ ಬೇಯಿಸಿ ಕೊಡಿ. ಅಲೆಅಲೆಯಾಗಿ ಕತ್ತರಿಸುವ ಚಾಕು ತಮಾಷೆಯ ಸಾಮಾನಿನಂತೆ ಕಂಡರೂ ಕೆಲಸದ್ದು. ಮಾವು, ಬೆಣ್ಣೆಹಣ್ಣಿನಂಥ ಜಾರುವ ಹಣ್ಣನ್ನು ಹಿಡಿದುಕೊಳ್ಳಲು ಪುಟ್ಟ ಬೆರಳುಗಳಿಗೆ ಆ ಏಣುಗಳು ಆಸರೆ. ದ್ರಾಕ್ಷಿಯನ್ನು ಉದ್ದುದ್ದ ನಾಲ್ಕು ಸೀಳು ಮಾಡಲು ಚೂಪಾದ ಚಿಕ್ಕ ಚಾಕು ಸಾಕು, ಅದಕ್ಕೆಂದೇ ಮಾರುವ ಕಟರ್ ಬೇಡ. ತುಂಡು ಎಷ್ಟು ಮೆತ್ತಗಿರಬೇಕು ಎಂದರೆ, ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಹಿಸುಕಬೇಕು. ಇಡೀ ಬಾದಾಮಿ, ಕಡಲೆಬೀಜ ಐದು ವರ್ಷದವರೆಗೂ ಬೇಡ. ಪುಡಿ ಮಾಡಿ ಅಥವಾ ಬೆಣ್ಣೆಯ ಹಾಗೆ ಅರೆದು ಊಟಕ್ಕೆ ಬೆರೆಸಿ. ಹಾಗೆ ಅರೆಯಲು ಮತ್ತೆ ಮಿಕ್ಸಿಯ ಆ ಚಿಕ್ಕ ಜಾರೇ ಬೇಕು.

ಬಲೆಯ ಫೀಡರ್ ಹಲ್ಲು ಬರುವಾಗ ತಣ್ಣಗಿನ ಹಣ್ಣು ಚೀಪಲು ಹಿತ. ಬಟ್ಟೆಯ ಬಲೆಗಿಂತ ರಂಧ್ರವಿರುವ ಸಿಲಿಕೋನಿನದು ಮೇಲು. ಬಟ್ಟೆಯ ಎಳೆಗಳ ನಡುವೆ ಹಣ್ಣಿನ ನಾರು ಸಿಕ್ಕಿ ಬೂಸ್ಟು ಹಿಡಿಯುತ್ತದೆ. ಕೊಳ್ಳದಿದ್ದರೂ ನಷ್ಟವಿಲ್ಲ.

ನಿಮ್ಮ ಮನೆಗೆ ಯಾವುದು?

ದುಡ್ಡು ಬಿಗಿಯಾಗಿದ್ದರೆ ಹಬೆ ತಟ್ಟೆ, ಫೋರ್ಕ್, ಸ್ಟೀಲ್ ಜಾಲರಿ, ಇಷ್ಟರಲ್ಲೇ ಒಂದು ವರ್ಷ ಕಳೆಯಬಹುದು. ಜಾಲರಿಯಲ್ಲಿ ಒತ್ತಲು ಹತ್ತು ನಿಮಿಷ ಹಿಡಿಯುತ್ತದೆ, ಅಷ್ಟೇ. ಮಿಕ್ಸಿ ಇದ್ದವರು ಇವುಗಳ ಜೊತೆಗೆ ಚಿಕ್ಕ ಜಾರ್ ಒಂದನ್ನು ಸೇರಿಸಿಕೊಂಡರೆ ಮಾಂಸ, ಕಾಳಿನ ತೊಂದರೆಯೂ ನೀಗಿತು. ಸ್ವಲ್ಪ ಖರ್ಚು ಮಾಡಬಲ್ಲವರು, ದಿನವೂ ಮನೆಯ ಅಡುಗೆಯಿಂದಲೇ ಮಗುವಿನ ಪಾಲು ತೆಗೆಯುವವರು ಹ್ಯಾಂಡ್ ಬ್ಲೆಂಡರ್ ತಗೊಳ್ಳಿ. ಕಣ್ಣು ಮುಚ್ಚಿ ಹೇಳುತ್ತೇನೆ. ಮಗು ದೊಡ್ಡದಾದ ಮೇಲೆ ಸೂಪಿಗೆ, ಲಸ್ಸಿಗೆ ಅದೇ ಇರುತ್ತದೆ. ಒಲೆ ಮುಂದೆ ನಿಲ್ಲಲು ಐದು ನಿಮಿಷವೂ ಸಿಗದವರು, ಅವಳಿ ಮಕ್ಕಳ ಅಮ್ಮ ಅಪ್ಪ, ಹೆರಿಗೆಯ ನಂತರ ಬೆನ್ನು ಕೈ ನೋವಿನಿಂದ ಬಳಲುತ್ತಿರುವವರು ಬೇಬಿ ಫುಡ್ ಮೇಕರ್ ಕೊಳ್ಳಲು ಹಿಂಜರಿಯಬೇಡಿ. ಅದು ಉಳಿಸುವ ಸಮಯಕ್ಕೆ ಬೆಲೆ ಇದೆ. ಆದರೆ ಎಂಟನೇ ತಿಂಗಳಿಗೆ ಅದರ ಪಕ್ಕದಲ್ಲೇ ಒಂದು ಮ್ಯಾಶರ್ ತಂದಿಟ್ಟುಕೊಳ್ಳಿ. ಶುರುವಿನಿಂದಲೇ ಮೆತ್ತಗಿನ ಉದ್ದ ತುಂಡುಗಳನ್ನು ಮಗುವಿನ ಕೈಗೇ ಕೊಡಬೇಕೆಂದಿರುವವರಿಗೆ ರುಬ್ಬುವ ಯಂತ್ರವೇ ಬೇಡ. ಹಬೆ ತಟ್ಟೆ ಮತ್ತು ಒಳ್ಳೆ ಚಾಕು ಸಾಕು.

ತಂಗಿ ಹನ್ನೊಂದರಲ್ಲಿ ಎಂಟನ್ನು ಹೊಡೆದು ಹಾಕಿದಳು. ಹ್ಯಾಂಡ್ ಬ್ಲೆಂಡರ್, ಹಬೆ ತಟ್ಟೆ, ತುದಿ ಮೆತ್ತಗಿರುವ ಎರಡು ಸಿಲಿಕೋನ್ ಚಮಚ ಉಳಿದವು. ಚಮಚ ಎರಡು ಯಾಕೆ ಅಂದಳು. ಒಂದನ್ನು ಮಗು ಕಿತ್ತುಕೊಳ್ಳುತ್ತದೆ, ಇನ್ನೊಂದರಲ್ಲಿ ನೀನು ತಿನ್ನಿಸು ಎಂದೆ.